ಪೈಥಾನಿನ ಬಫರ್ ಪ್ರೊಟೋಕಾಲ್: ಸಿ ಕೋಡಿಗೆ ಮೆಮೊರಿ ಕೊಡುವುದಿದ್ದರೆ ಇದರ ಮೂಲಕವೇ ಕೊಡಿ

ಪೈಥಾನಿನಲ್ಲಿರುವ ಡೇಟಾವನ್ನು ಕಾಪಿ ಮಾಡದೆ ಸಿ ಕೋಡಿನ ಕೈಗೆ ಕೊಡಬೇಕು, ಅದು ಅಲ್ಲೇ ಓದಿ ಬರೆದು ವಾಪಸ್ ಕೊಡಬೇಕು, ನಡುವೆ ಏನೂ ಕ್ರ್ಯಾಶ್ ಆಗಬಾರದು. ಈ ಕೆಲಸಕ್ಕೆ ಪೈಥಾನ್ ತನ್ನ ಜೊತೆಗೇ ಕೊಡುವ ಸಾಧನ ಬಫರ್ ಪ್ರೊಟೋಕಾಲ್. ಪೈಥಾನ್ ಬರೆಯುವವರಿಗೆ ಅದು ಮೆಮೊರಿವ್ಯೂ ರೂಪದಲ್ಲಿ ಕಾಣುತ್ತದೆ, ಸಿ ಬರೆಯುವವರಿಗೆ ಪೈ_ಬಫರ್ ಅನ್ನುವ ಸ್ಟ್ರಕ್ಚರ್ ಆಗಿ. ಪೈಥಾನಿನಿಂದ ಸಿ ಕೋಡ್ ಬಳಸಲು ಬೇರೆ ದಾರಿಗಳೂ ಇವೆ. ಸಿಟೈಪ್ಸ್ ಇದೆ, ಸಿಎಫ್‌ಎಫ್‌ಐ ಇದೆ, ಸೈಥಾನ್ ಇದೆ. ಅವನ್ನೆಲ್ಲ ಬಳಸಿ ನೋಡಿದ ಮೇಲೂ ಇದಕ್ಕೆ ನಾನು 5ಕ್ಕೆ 4 ಕೊಡುತ್ತೇನೆ. ಕಾಪಿ ಇಲ್ಲ, ಹಾಗಾಗಿ ಫಾಸ್ಟ್ ಅಂತ ಎಲ್ಲರೂ ಇದನ್ನು ಹೊಗಳುತ್ತಾರೆ. ಬರೀ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ದಾಟಿಸಿದರೂ ಅಷ್ಟೇ ಫಾಸ್ಟ್, ಅಲ್ವಾ? ಇದರ ನಿಜವಾದ ಬೆಲೆ ಇರುವುದು ಇದು "ಈಗ ಆಗಲ್ಲ" ಅಂತ ಹೇಳುವ ಜಾಗದಲ್ಲಿ.

ತೊಂದರೆ ಎಲ್ಲಿ ಶುರುವಾಗುತ್ತದೆ ಅಂತ ಮೊದಲು ನೋಡೋಣ. ನಿಮ್ಮ ಹತ್ತಿರ ಬೈಟುಗಳನ್ನು ಸೇರಿಸುತ್ತಾ ಹೋಗಬಹುದಾದ ಒಂದು ಬೈಟ್‌ಅರೇ ಇದೆ. ಅದರ ಮೆಮೊರಿಯ ವಿಳಾಸವನ್ನು ಸಿ ಫಂಕ್ಷನ್ನಿಗೆ ಕೊಟ್ಟಿರಿ. ಸಿ ಆ ವಿಳಾಸವನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಅಷ್ಟರಲ್ಲಿ ಪೈಥಾನ್ ಕಡೆ ಯಾರೋ ಅದೇ ಬೈಟ್‌ಅರೇಗೆ ಇನ್ನಷ್ಟು ಬೈಟ್ ಸೇರಿಸುತ್ತಾರೆ. ಇದ್ದ ಜಾಗ ಸಾಲದೆ ಪೈಥಾನ್ ಬೇರೆ ಕಡೆ ದೊಡ್ಡ ಜಾಗ ತೆಗೆದುಕೊಂಡು, ಡೇಟಾವನ್ನು ಅಲ್ಲಿಗೆ ಸಾಗಿಸಿ, ಹಳೆಯ ಜಾಗವನ್ನು ಬಿಟ್ಟುಬಿಡುತ್ತದೆ. ಸಿ ಮಾತ್ರ ಹಳೆಯ ವಿಳಾಸಕ್ಕೇ ಬರೆಯುತ್ತಾ ಇರುತ್ತದೆ. ಏಣಿ ಹತ್ತಿದವನು ಮೇಲಿದ್ದಾಗಲೇ ಕೆಳಗಿದ್ದವರು ಏಣಿ ತೆಗೆದುಕೊಂಡು ಹೋದ ಹಾಗೆ. ಇದರಲ್ಲಿ ಕೆಟ್ಟದ್ದೇನು ಅಂದರೆ ಕ್ರ್ಯಾಶ್ ಅಲ್ಲೇ ಆಗುವುದಿಲ್ಲ. ಆ ಹಳೆಯ ಜಾಗವನ್ನು ಅಷ್ಟರಲ್ಲಿ ಬೇರೆ ಯಾವುದೋ ಆಬ್ಜೆಕ್ಟ್ ತೆಗೆದುಕೊಂಡಿರುತ್ತದೆ, ಅದು ಹಾಳಾಗುತ್ತದೆ, ಎಷ್ಟೋ ಹೊತ್ತಿನ ನಂತರ ಸಂಬಂಧವೇ ಇಲ್ಲದ ಕಡೆ ಪ್ರೋಗ್ರಾಂ ಬೀಳುತ್ತದೆ. ಇಲ್ಲವೇ ಬೀಳುವುದೇ ಇಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತಾ ಹೋಗುತ್ತದೆ. ಅದು ಇನ್ನೂ ಕೆಟ್ಟದ್ದು.

ಪೈಥಾನ್ 2ರ ಹಳೆಯ ಬಫರ್ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಆಗಿತ್ತು. ಅದು ಪಾಯಿಂಟರ್ ಕೊಡುತ್ತಿತ್ತು, ಆದರೆ ವಾಪಸ್ ಕೊಡುವುದಕ್ಕೆ ದಾರಿಯೇ ಇರಲಿಲ್ಲ. ಕೊಟ್ಟವರಿಗೆ ತೆಗೆದುಕೊಂಡವರು ಮುಗಿಸಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. 2006ರಲ್ಲಿ ಟ್ರಾವಿಸ್ ಆಲಿಫಂಟ್ ಮತ್ತು ಕಾರ್ಲ್ ಬ್ಯಾಂಕ್ಸ್ ಪಿಇಪಿ 3118 (ಪೈಥಾನ್ ಸುಧಾರಣೆಯ ಪ್ರಸ್ತಾವ) ಬರೆದು ಹೊಸ ವ್ಯವಸ್ಥೆ ಮುಂದಿಟ್ಟರು. ಅಂಕಿಗಳ ಲೆಕ್ಕಕ್ಕಿರುವ ನಂಪೈ ಲೈಬ್ರರಿ ಕಟ್ಟಿದವರೇ ಆಲಿಫಂಟ್, ಹಾಗಾಗಿ ಅಂಕಿಗಳ ದೊಡ್ಡ ಅರೇಗಳನ್ನು ಹಂಚಿಕೊಳ್ಳುವ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಸದರಲ್ಲಿ ಎರಡು ಹೆಜ್ಜೆ. ಮೊದಲು ಪೈಆಬ್ಜೆಕ್ಟ್_ಗೆಟ್‌ಬಫರ್ ಕರೆದು ಮೆಮೊರಿ ಕೇಳಬೇಕು. ಕೆಲಸ ಮುಗಿದ ಮೇಲೆ ಪೈಬಫರ್_ರಿಲೀಸ್ ಕರೆದು ಹಿಂದಿರುಗಿಸಬೇಕು. ನಡುವಿನ ಅವಧಿಯಲ್ಲಿ ಆ ಮೆಮೊರಿ ಇದ್ದಲ್ಲೇ ಇರುತ್ತದೆ, ಜಾಗ ಬದಲಿಸುವುದಿಲ್ಲ ಅಂತ ಕೊಟ್ಟವರು ಒಪ್ಪಿಕೊಂಡಿರುತ್ತಾರೆ.

ಒಂದು ನಿಮಿಷ ಇಂಟರ್‌ಪ್ರಿಟರ್ ತೆರೆದು ನೀವೇ ನೋಡಿ. ಒಂದು ಬೈಟ್‌ಅರೇ ಮಾಡಿ, ಅದರ ಮೇಲೆ ಮೆಮೊರಿವ್ಯೂ ಮಾಡಿ ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೈಟ್‌ಅರೇಗೆ ಅಪೆಂಡ್ ಮಾಡಿ. ಬಫರ್‌ಎರರ್ ಬರುತ್ತದೆ: ಡೇಟಾ ಹೊರಗೆ ಕೊಟ್ಟಿದೆ, ಅಳತೆ ಬದಲಿಸಲು ಆಗುವುದಿಲ್ಲ ಅಂತ. ಮೆಮೊರಿವ್ಯೂವನ್ನು ರಿಲೀಸ್ ಮಾಡಿ, ಮತ್ತೆ ಅಪೆಂಡ್ ಮಾಡಿ, ಸಲೀಸಾಗಿ ನಡೆಯುತ್ತದೆ. ಅಂದರೆ ಬೈಟ್‌ಅರೇ ಒಳಗೆ ತನ್ನ ಮೆಮೊರಿ ಎಷ್ಟು ಜನರ ಕೈಯಲ್ಲಿದೆ ಅಂತ ಎಣಿಸಿ ಇಟ್ಟುಕೊಂಡಿರುತ್ತದೆ. ಆ ಎಣಿಕೆ ಸೊನ್ನೆ ಆಗುವವರೆಗೆ ಜಾಗ ಬದಲಿಸುವ ಯಾವ ಕೆಲಸಕ್ಕೂ ಒಪ್ಪುವುದಿಲ್ಲ. ಅರೇ ಮಾಡ್ಯೂಲಿನ ಅರೇ ಹೀಗೇ ಮಾಡುತ್ತದೆ. ಮೆಮೊರಿಯಲ್ಲೇ ಫೈಲಿನಂತೆ ನಡೆಯುವ ಬೈಟ್ಸ್‌ಐಒದ ಗೆಟ್‌ಬಫರ್ ಕೊಟ್ಟ ವ್ಯೂ ಇರುವಷ್ಟು ಹೊತ್ತು ಆ ಬೈಟ್ಸ್‌ಐಒವನ್ನು ದೊಡ್ಡದು ಮಾಡಲೂ ಆಗದು, ಮುಚ್ಚಲೂ ಆಗದು. ಫೈಲನ್ನು ಮೆಮೊರಿಯಂತೆ ತೋರಿಸುವ ಎಂಮ್ಯಾಪ್ ಕೂಡ ಅಷ್ಟೇ, ಹೊರಗೆ ಪಾಯಿಂಟರ್ ಇದ್ದರೆ ಕ್ಲೋಸ್ ಆಗಲು ಒಪ್ಪುವುದಿಲ್ಲ. ಹೊಸಬರಿಗೆ ಈ ಎರರ್ ಕಿರಿಕಿರಿ ಅನಿಸುತ್ತದೆ. ನನಗಂತೂ ಈ ಎರರ್ ಕಂಡರೆ ಸಮಾಧಾನ. ಅದು ಬಂದಿದೆ ಅಂದರೆ ಎಲ್ಲೋ ಮೆಮೊರಿ ಹಾಳಾಗುವುದು ತಪ್ಪಿದೆ ಅಂತಲೇ ಅರ್ಥ.

ಇನ್ನೊಂದು ಒಳ್ಳೆಯ ಗುಣ, ಇದಕ್ಕೆ ನೀವು ಏನೂ ಮಾಡಬೇಕಿಲ್ಲ. ಬಫರ್ ಕೇಳಿದಾಗ ಆ ಸ್ಟ್ರಕ್ಚರಿನ ಒಳಗೆ ಮೂಲ ಆಬ್ಜೆಕ್ಟಿನ ಒಂದು ರೆಫರೆನ್ಸ್ ಕೂಡ ಕುಳಿತಿರುತ್ತದೆ. ಪೈಥಾನ್ ಕಡೆ ಎಲ್ಲರೂ ಆ ಆಬ್ಜೆಕ್ಟನ್ನು ಕೈಬಿಟ್ಟರೂ ಸಿ ಹಿಂದಿರುಗಿಸುವವರೆಗೆ ಅದು ಸಾಯುವುದಿಲ್ಲ. ಇದರಿಂದಾಗಿ ಸಿ ಕೋಡ್ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ನೋಡಿಕೊಳ್ಳುವ ಲಾಕ್) ಬಿಟ್ಟುಕೊಟ್ಟು ದೊಡ್ಡ ಲೆಕ್ಕ ಮಾಡಬಹುದು, ಆ ಹೊತ್ತಿನಲ್ಲಿ ಬೇರೆ ಥ್ರೆಡ್ ಏನನ್ನಾದರೂ ಡಿಲೀಟ್ ಮಾಡಿಕೊಳ್ಳಲಿ, ನಮ್ಮ ಕಾಲ ಕೆಳಗಿನ ನೆಲ ಅಲ್ಲೇ ಇರುತ್ತದೆ. ಒಂದು ಎಚ್ಚರ: ಪೈಬಫರ್_ರಿಲೀಸ್ ಕರೆಯುವ ಮೊದಲು ಜಿಐಎಲ್ ವಾಪಸ್ ತೆಗೆದುಕೊಂಡಿರಬೇಕು.

ಬಫರ್ ಕೇಳುವಾಗ ನಮಗೆ ಎಂಥದ್ದು ಬೇಕು ಅಂತ ಫ್ಲ್ಯಾಗ್‌ಗಳಲ್ಲಿ ಹೇಳುತ್ತೇವೆ. ಬರೆಯಲು ಬೇಕಾ, ಸಾಲಾಗಿ ಒಂದೇ ತುಂಡಾಗಿ ಇರಬೇಕಾ, ಒಳಗಿರುವುದು ಯಾವ ಟೈಪ್ ಅಂತ ತಿಳಿಯಬೇಕಾ. ಕೊಡುವವರಿಗೆ ಅದು ಆಗದಿದ್ದರೆ ಅವರೇ ಎರರ್ ಕೊಡಬೇಕು, ಹೇಗೋ ಹೊಂದಿಸಿ ಕೊಡುವ ಹಾಗಿಲ್ಲ. ಇದು ಬಹಳ ಸರಿಯಾದ ತೀರ್ಮಾನ. ಉದಾಹರಣೆಗೆ ನಂಪೈ ಅರೇಯ ಒಂದು ಕಾಲಮ್ಮನ್ನು ಮಾತ್ರ ತೆಗೆದುಕೊಂಡರೆ ಅದರ ಅಂಕಿಗಳು ಮೆಮೊರಿಯಲ್ಲಿ ಪಕ್ಕಪಕ್ಕ ಇರುವುದಿಲ್ಲ, ನಡುವೆ ಅಂತರ ಇರುತ್ತದೆ. ಈ ಅಂತರಕ್ಕೆ ಸ್ಟ್ರೈಡ್ ಅನ್ನುತ್ತಾರೆ. ನಿಮ್ಮ ಸಿ ಕೋಡಿಗೆ ಸ್ಟ್ರೈಡ್ ಗೊತ್ತಿಲ್ಲ ಅಂದರೆ ಸರಳ ಬಫರ್ ಕೇಳಿ. ಆಗ ಆ ಕಾಲಮ್ ಬಾಗಿಲಲ್ಲೇ ನಿಲ್ಲುತ್ತದೆ. ಪಕ್ಕದ ಕಾಲಮ್ಮಿನ ಅಂಕಿಗಳನ್ನು ನೀವು ಗೊತ್ತಿಲ್ಲದೆ ಓದುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಸರಳ ಬಫರ್ ಕೇಳಿದಾಗ ಟೈಪಿನ ವಿವರ ಬರುವುದಿಲ್ಲ, ಎಲ್ಲವೂ ಬರೀ ಬೈಟುಗಳಾಗಿ ಬರುತ್ತದೆ. 8 ಬೈಟಿನ ಡಬಲ್ ನಿರೀಕ್ಷಿಸುವ ಫಂಕ್ಷನ್ನಿಗೆ ಯಾರೋ 4 ಬೈಟಿನ ಫ್ಲೋಟ್ ಅರೇ ಕೊಟ್ಟರೂ ಒಳಗೆ ಬಂದುಬಿಡುತ್ತದೆ. ಹಾಗಾಗಿ ಅಂಕಿಗಳ ಕೆಲಸ ಆದರೆ ಫಾರ್ಮ್ಯಾಟ್ ಕೇಳಿ, ಪರೀಕ್ಷಿಸಿ. ಲೆನ್ ಅನ್ನುವ ಫೀಲ್ಡ್ ಹೇಳುವುದು ಒಟ್ಟು ಬೈಟುಗಳನ್ನು, ಎಷ್ಟು ಅಂಕಿ ಇದೆ ಅನ್ನುವುದನ್ನಲ್ಲ. ಅದನ್ನೇ ಲೂಪಿನ ಮಿತಿಯಾಗಿ ಇಟ್ಟುಕೊಂಡರೆ ಡಬಲ್ ಅರೇಯಲ್ಲಿ ಎಂಟು ಪಟ್ಟು ಆಚೆ ಹೋಗಿ ಓದುತ್ತೀರಿ.

ಈ ಫಾರ್ಮ್ಯಾಟ್ ವಿಷಯ ಬಂದಾಗ ನನ್ನ ಮೊದಲ ದೂರು. ಟೈಪನ್ನು ಒಂದು ಸಣ್ಣ ಸ್ಟ್ರಿಂಗ್ ಆಗಿ ಕೊಡುತ್ತಾರೆ, ಸ್ಟ್ರಕ್ಟ್ ಮಾಡ್ಯೂಲಿನ ಶೈಲಿಯಲ್ಲಿ. ಕೇಳಲು ಚೆನ್ನಾಗಿದೆ. ಆದರೆ ಅದೇ 8 ಬೈಟಿನ ಪೂರ್ಣಾಂಕ ಲಿನಕ್ಸಿನಲ್ಲಿ ನಂಪೈನಿಂದ ಬಂದರೆ 'ಎಲ್' ಅಂತ ಇರುತ್ತದೆ, ವಿಂಡೋಸಿನಲ್ಲಿ 'ಕ್ಯೂ' ಅಂತ ಇರುತ್ತದೆ. ಸಿಟೈಪ್ಸ್ ಕೊಡುವ ಫಾರ್ಮ್ಯಾಟಿನ ಮುಂದೆ ಬೈಟುಗಳ ಕ್ರಮ ಹೇಳುವ ಒಂದು ಗುರುತು ಸೇರಿರುತ್ತದೆ. ಇನ್ನೂ ಬೇಜಾರಿನ ಸಂಗತಿ ಅಂದರೆ, ಸಿಟೈಪ್ಸ್‌ನ ಇಂಟ್ ಅರೇ ಮೇಲೆ ಮೆಮೊರಿವ್ಯೂ ಮಾಡಿ ಅದರ ಮೊದಲ ಅಂಕಿ ಕೇಳಿದರೆ ಈ ಫಾರ್ಮ್ಯಾಟ್ ನನಗೆ ಬರುವುದಿಲ್ಲ ಅಂತ ಮೆಮೊರಿವ್ಯೂ ಎರರ್ ಕೊಡುತ್ತದೆ. ಎರಡೂ ಪೈಥಾನ್ ಜೊತೆಗೇ ಬರುವ ಸಾಮಾನು! ಮೊದಲು ಬೈಟುಗಳಾಗಿ ಕ್ಯಾಸ್ಟ್ ಮಾಡಿ, ಆಮೇಲೆ ಬೇಕಾದ ಟೈಪಿಗೆ ಮತ್ತೆ ಕ್ಯಾಸ್ಟ್ ಮಾಡಿದರೆ ನಡೆಯುತ್ತದೆ. ಆದರೆ ಇಷ್ಟು ಸುತ್ತು ಬೇಕಿರಲಿಲ್ಲ.

ಎರಡನೆಯ ದೂರು ದೊಡ್ಡದು. ಹಿಂದಿರುಗಿಸುವ ಜವಾಬ್ದಾರಿ ಪೂರ್ತಿ ಸಿ ಬರೆಯುವವರ ತಲೆ ಮೇಲಿದೆ. ಫಂಕ್ಷನ್ ಚೆನ್ನಾಗಿ ನಡೆದು ಮುಗಿದಾಗ ಎಲ್ಲರೂ ರಿಲೀಸ್ ಕರೆಯುತ್ತಾರೆ. ನಡುವೆ ಮೆಮೊರಿ ಕೇಳುವ ಮ್ಯಾಲಕ್ ವಿಫಲವಾಗಿ ಬೇಗ ಹೊರಗೆ ಬರುವ ದಾರಿಯಲ್ಲಿ ಮರೆಯುತ್ತಾರೆ. ಮರೆತರೆ ಆಗುವುದೇನು? ಮೆಮೊರಿ ಸೋರುತ್ತದೆ, ಅದು ಸರಿ. ಅದಕ್ಕಿಂತ ಹೆಚ್ಚಾಗಿ ಆ ಬೈಟ್‌ಅರೇಯ ಎಣಿಕೆ ಎಂದೂ ಸೊನ್ನೆಗೆ ಬರುವುದಿಲ್ಲ, ಅದು ಪ್ರೋಗ್ರಾಂ ಮುಗಿಯುವವರೆಗೆ ಬೆಳೆಯಲಾರದೆ ಹಾಗೇ ಉಳಿಯುತ್ತದೆ. ಬಫರ್‌ಎರರ್ ಬರುವುದು ಆಮೇಲೆ ಯಾವಾಗಲೋ, ಬೇರೆ ಯಾವುದೋ ಫೈಲಿನಲ್ಲಿ. ಯಾರು ಹಿಡಿದುಕೊಂಡಿದ್ದಾರೆ ಅಂತ ಆ ಎರರ್ ಹೇಳುವುದೂ ಇಲ್ಲ. ಇಷ್ಟು ವರ್ಷ ಆದರೂ ಇದಕ್ಕೊಂದು ಹೆಸರು ತೋರಿಸುವ ಸೌಲಭ್ಯ ಬಂದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಕಳೆದುಕೊಂಡ ಆ ಒಂದು ಸ್ಟಾರ್ ಇದಕ್ಕೇ.

ಸಿ ಕಡೆ ಇದಕ್ಕೆ ನನಗೆ ಹಿಡಿಸಿದ ಪದ್ಧತಿ ಹೇಳುತ್ತೇನೆ. ಪೈ_ಬಫರ್ ಸ್ಟ್ರಕ್ಚರನ್ನು ಶುರುವಿನಲ್ಲೇ ಸೊನ್ನೆ ಮಾಡಿ ಇಡಿ. ಫಂಕ್ಷನ್ನಿಗೆ ಹೊರಹೋಗುವ ದಾರಿ ಒಂದೇ ಇರಲಿ, ಗೋಟು ಬಳಸಿದರೂ ಪರವಾಗಿಲ್ಲ. ಆ ಒಂದೇ ಜಾಗದಲ್ಲಿ ರಿಲೀಸ್ ಕರೆಯಿರಿ. ಒಳಗೆ ಆಬ್ಜೆಕ್ಟ್ ಇಲ್ಲದಿದ್ದರೆ ರಿಲೀಸ್ ಏನೂ ಮಾಡದೆ ಹಿಂದಿರುಗುತ್ತದೆ, ಹಾಗಾಗಿ ಬಫರ್ ಸಿಕ್ಕಿತ್ತೋ ಇಲ್ಲವೋ ಅಂತ ಲೆಕ್ಕ ಇಡಬೇಕಿಲ್ಲ. ಸ್ಟ್ರಕ್ಚರನ್ನು ಮಾತ್ರ ಇನ್ನೊಂದು ವೇರಿಯಬಲ್ಲಿಗೆ ಕಾಪಿ ಮಾಡಿ ಎರಡನ್ನೂ ರಿಲೀಸ್ ಮಾಡಬೇಡಿ, ಎಣಿಕೆ ಕೆಡುತ್ತದೆ. ಆರ್ಗ್ಯುಮೆಂಟ್‌ಗಳನ್ನು ಪೈಆರ್ಗ್_ಪಾರ್ಸ್‌ಟಪಲ್ ಮೂಲಕ ತೆಗೆದುಕೊಳ್ಳುವವರು 'ವೈ*' ಬಳಸಿ, ಬರೆಯಬೇಕಾದರೆ 'ಡಬ್ಲ್ಯೂ*'. ಅದರಲ್ಲಿ ಒಂದು ಅನುಕೂಲ ಇದೆ. ಮೊದಲ ಆರ್ಗ್ಯುಮೆಂಟಿನ ಬಫರ್ ಸಿಕ್ಕು, ಎರಡನೆಯದು ತಪ್ಪಿದ್ದು ಪಾರ್ಸ್ ವಿಫಲವಾದರೆ ಮೊದಲನೆಯದನ್ನು ಅದೇ ಬಿಡಿಸಿಕೊಡುತ್ತದೆ.

ಪೈಥಾನ್ ಕಡೆ ವಿತ್ ಬ್ಲಾಕ್ ಬಳಸಿ. ಮೆಮೊರಿವ್ಯೂಗೆ ರಿಲೀಸ್ ಮತ್ತು ವಿತ್ ಎರಡೂ 3.2ರಿಂದ ಇವೆ. 3.3ರಲ್ಲಿ ಸ್ಟೆಫಾನ್ ಕ್ರಾ ಇದರ ಒಳಭಾಗವನ್ನೇ ಹೊಸದಾಗಿ ಬರೆದು ಎಷ್ಟೋ ಹಳೆಯ ಕ್ರ್ಯಾಶ್‌ಗಳನ್ನು ಸರಿಮಾಡಿದರು, ಕ್ಯಾಸ್ಟ್ ಬಂದಿದ್ದೂ ಅದರಲ್ಲೇ. ರಿಲೀಸ್ ಆದ ವ್ಯೂ ಮುಟ್ಟಿದರೆ ವ್ಯಾಲ್ಯೂಎರರ್ ಬರುತ್ತದೆಯೇ ಹೊರತು ಕ್ರ್ಯಾಶ್ ಆಗುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ ಅಂತ ಬಿಡಬೇಡಿ. ಎಕ್ಸೆಪ್ಶನ್ ಬಂದಾಗ ಅದರ ಟ್ರೇಸ್‌ಬ್ಯಾಕ್ ಆ ಫಂಕ್ಷನ್ನಿನ ಲೋಕಲ್ ವೇರಿಯಬಲ್‌ಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಅದರಲ್ಲಿ ನಿಮ್ಮ ವ್ಯೂ ಕೂಡ ಇರುತ್ತದೆ, ಹೊರಗೆ ಎಂಮ್ಯಾಪ್ ಮುಚ್ಚಲು ಹೋದರೆ ಪಾಯಿಂಟರ್ ಇನ್ನೂ ಇದೆ ಅಂತ ಎರರ್, ಮೂಲ ಎಕ್ಸೆಪ್ಶನ್ ಏನಿತ್ತು ಅನ್ನುವುದು ಆ ಗಲಾಟೆಯಲ್ಲಿ ಕೆಳಗೆ ಹೋಗಿರುತ್ತದೆ.

ಇನ್ನು ಇದು ಕೊಡದೇ ಇರುವ ರಕ್ಷಣೆ ಬಗ್ಗೆ. ಮೆಮೊರಿ ಜಾಗ ಬದಲಿಸುವುದಿಲ್ಲ ಅನ್ನುವುದಷ್ಟೇ ಇಲ್ಲಿನ ಮಾತು. ಒಳಗಿನ ಡೇಟಾ ಬದಲಾಗುವುದಿಲ್ಲ ಅಂತ ಇದು ಎಲ್ಲೂ ಹೇಳಿಲ್ಲ. ಸಿ ಜಿಐಎಲ್ ಬಿಟ್ಟು ಓದುತ್ತಿರುವಾಗ ಇನ್ನೊಂದು ಥ್ರೆಡ್ ಅದೇ ಬೈಟುಗಳ ಮೇಲೆ ಬರೆಯಬಹುದು. ರೀಡ್‌ಓನ್ಲಿ ವ್ಯೂ ಸಿಕ್ಕಿದೆ ಅಂದರೆ ನೀವು ಬರೆಯಬಾರದು ಅಂತ ಮಾತ್ರ, ಬೇರೆಯವರು ಬರೆಯುತ್ತಿಲ್ಲ ಅಂತ ಅಲ್ಲ. ಬಫರಿನ ಮೊದಲ ಬೈಟುಗಳಲ್ಲಿ ಉದ್ದ ಬರೆದಿರುವ ಪ್ಯಾಕೆಟ್ ಒಂದನ್ನು ಯೋಚಿಸಿ. ಸಿ ಆ ಉದ್ದವನ್ನು ಓದಿ, ಮಿತಿಯೊಳಗೆ ಇದೆ ಅಂತ ಪರೀಕ್ಷಿಸಿ, ಆಮೇಲೆ ಕಾಪಿ ಮಾಡುವಾಗ ಬಫರಿನಿಂದಲೇ ಮತ್ತೊಮ್ಮೆ ಉದ್ದ ಓದುತ್ತದೆ. ನಡುವೆ ಇನ್ನೊಂದು ಥ್ರೆಡ್ ಅದನ್ನು ದೊಡ್ಡ ಸಂಖ್ಯೆಗೆ ಬದಲಿಸಿದರೆ ಪರೀಕ್ಷೆ ಮಾಡಿದ್ದೆಲ್ಲ ವ್ಯರ್ಥ. ಇದಕ್ಕೆ ಮದ್ದು ಸುಲಭ: ಹೆಡರನ್ನು ಮೊದಲು ನಿಮ್ಮ ಲೋಕಲ್ ವೇರಿಯಬಲ್ಲಿಗೆ ಕಾಪಿ ಮಾಡಿಕೊಳ್ಳಿ, ಪರೀಕ್ಷೆ ಮತ್ತು ಬಳಕೆ ಎರಡೂ ಆ ಕಾಪಿಯ ಮೇಲೇ ನಡೆಯಲಿ. ಪೈಥಾನ್ 3.13ರಿಂದ ಜಿಐಎಲ್ ಇಲ್ಲದ ಬಿಲ್ಡ್ ಕೂಡ ಸಿಗುತ್ತಿದೆ. ಜಿಐಎಲ್ ಕೃಪೆಯಿಂದ ಇಷ್ಟು ದಿನ ನಡೆದುಕೊಂಡು ಬಂದ ಕೋಡನ್ನು ಆ ಬಿಲ್ಡಿನಲ್ಲಿ ಓಡಿಸುವ ಮೊದಲು ಲಾಕ್ ಎಲ್ಲಿ ಬೇಕು ಅಂತ ಕೂತು ನೋಡಲೇಬೇಕು.

ಮೆಮೊರಿ ಕೊಡುವ ಆಬ್ಜೆಕ್ಟ್ ಮತ್ತು ತೆಗೆದುಕೊಳ್ಳುವ ಲೈಬ್ರರಿ ಎರಡೂ ನಿಯಮ ಪಾಲಿಸಿದರೆ ಮಾತ್ರ ಇದೆಲ್ಲ ನಡೆಯುತ್ತದೆ. ನಂಪೈನ ಫ್ರಂಬಫರ್ ಚೆನ್ನಾಗಿ ನಡೆದುಕೊಳ್ಳುತ್ತದೆ. ಬೈಟ್‌ಅರೇ ಮೇಲೆ ಅದರಿಂದ ಅರೇ ಮಾಡಿದರೆ ಒಳಗೊಂದು ಮೆಮೊರಿವ್ಯೂ ಹಿಡಿದಿರುತ್ತದೆ, ಹಾಗಾಗಿ ಬೈಟ್‌ಅರೇ ಬೆಳೆಯಲು ಒಪ್ಪುವುದಿಲ್ಲ. ಆದರೆ ಅದೇ ನಂಪೈನಲ್ಲಿ ಎನ್‌ಡಿಅರೇಗೆ ನೇರವಾಗಿ ಬಫರ್ ಆರ್ಗ್ಯುಮೆಂಟ್ ಕೊಟ್ಟು ಶೇರ್ಡ್‌ಮೆಮೊರಿ ಮೇಲೆ ಅರೇ ಕಟ್ಟಿದರೆ ಕಥೆ ಬೇರೆ. ಆ ದಾರಿ ಬಫರನ್ನು ತಕ್ಷಣ ಹಿಂದಿರುಗಿಸಿ ಪಾಯಿಂಟರ್ ಮಾತ್ರ ಇಟ್ಟುಕೊಳ್ಳುತ್ತದೆ. ಶೇರ್ಡ್‌ಮೆಮೊರಿ ಕ್ಲೋಸ್ ಮಾಡಿ ಆಮೇಲೆ ಅರೇ ಮುಟ್ಟಿದಿರೋ, ಸೆಗ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಪ್ರಾಸೆಸ್‌ಗಳ ನಡುವೆ ಅರೇ ಹಂಚಿಕೊಳ್ಳುವ ಉದಾಹರಣೆಗಳು ಹೆಚ್ಚಾಗಿ ಇದೇ ದಾರಿ ತೋರಿಸುತ್ತವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮೊದಲು ಅರೇ ಬಿಡಿ, ಆಮೇಲೆ ಕ್ಲೋಸ್ ಮಾಡಿ.

ಉಳಿದ ಸಾಧನಗಳ ಜೊತೆ ಹೋಲಿಸಿದರೆ ಹೇಗೆ? ಸಿಟೈಪ್ಸ್ ಕಂಪೈಲರ್ ಇಲ್ಲದೆ ನಡೆಯುತ್ತದೆ, ಅದೇ ಅದರ ಆಕರ್ಷಣೆ. ಆದರೆ ರಿಟರ್ನ್ ಟೈಪ್ ಹೇಳದಿದ್ದರೆ ಅದನ್ನು ಇಂಟ್ ಅಂದುಕೊಳ್ಳುತ್ತದೆ, 64 ಬಿಟ್ ಪಾಯಿಂಟರ್ ಅರ್ಧ ಕತ್ತರಿಸಿ ಹೋಗುತ್ತದೆ. ಬೈಟ್ಸ್ ಆಬ್ಜೆಕ್ಟನ್ನು ಸಿ_ಚಾರ್_ಪಿ ಆಗಿ ಕೊಟ್ಟರೆ ಒಳಗಿನ ವಿಳಾಸವನ್ನೇ ದಾಟಿಸುತ್ತದೆ, ಸಿ ಅದರ ಮೇಲೆ ಬರೆದರೆ ತಡೆಯುವವರಿಲ್ಲ. ಬದಲಾಗಲೇಬಾರದ ಆಬ್ಜೆಕ್ಟ್ ಬದಲಾಗುತ್ತದೆ. ಪೈಥಾನಿನ ಮುಖ್ಯ ರೂಪವಾದ ಸಿಪೈಥಾನಿನಲ್ಲಿ ಒಂದೇ ಬೈಟಿನ ಬೈಟ್ಸ್ ಆಬ್ಜೆಕ್ಟ್‌ಗಳನ್ನು ಇಡೀ ಪ್ರೋಗ್ರಾಂ ಹಂಚಿಕೊಳ್ಳುತ್ತದೆ, ಅದರ ಮೇಲೆ ಬರೆದರೆ ಎಲ್ಲಿ ಏನಾಗುತ್ತದೆ ಅಂತ ಊಹಿಸಿ. ಸಿಟೈಪ್ಸ್ ಬಳಸಲೇಬೇಕು ಅಂದರೆ ಬೈಟ್‌ಅರೇ ಇಟ್ಟುಕೊಂಡು ಫ್ರಂ_ಬಫರ್ ಮಾಡಿ. ಅದು ಬಫರ್ ಪ್ರೊಟೋಕಾಲ್ ಮೂಲಕವೇ ಹೋಗುತ್ತದೆ, ಬರೆಯಲಾಗದ ವಸ್ತು ಕೊಟ್ಟರೆ ಎರರ್ ಕೊಡುತ್ತದೆ, ಅಳತೆ ಬದಲಿಸಲೂ ಬಿಡುವುದಿಲ್ಲ.

ಸಿಎಫ್‌ಎಫ್‌ಐ ನನಗೆ ಜಾಸ್ತಿ ಇಷ್ಟ. ಕಂಪೈಲ್ ಮಾಡುವ ರೀತಿಯಲ್ಲಿ ಬಳಸಿದರೆ ನೀವು ಬರೆದ ಡಿಕ್ಲರೇಶನ್ ಸರಿಯಿದೆಯೇ ಅಂತ ಸಿ ಕಂಪೈಲರೇ ನೋಡುತ್ತದೆ. ಇದರಲ್ಲೂ ಫ್ರಂ_ಬಫರ್ ಇದೆ, 1.12ರಿಂದ ಅದನ್ನು ವಿತ್ ಒಳಗೆ ಬಳಸಿ ಸರಿಯಾದ ಹೊತ್ತಿಗೆ ಬಿಡಬಹುದು. ಇದರ ಹಳ್ಳ ಬೇರೆ ಕಡೆ ಇದೆ. ಎಫ್‌ಎಫ್‌ಐ.ನ್ಯೂ ಇಂದ ಮಾಡಿದ ಮೆಮೊರಿಯನ್ನು ನೇರವಾಗಿ ಒಂದು ಸ್ಟ್ರಕ್ಚರಿನ ಪಾಯಿಂಟರ್ ಫೀಲ್ಡಿಗೆ ಹಾಕಿದರೆ ಸ್ಟ್ರಕ್ಚರ್ ಅದನ್ನು ಜೀವಂತವಾಗಿ ಇಡುವುದಿಲ್ಲ. ಪೈಥಾನ್ ಕಡೆ ಒಂದು ಹೆಸರಿನಲ್ಲಿ ಅದನ್ನು ಹಿಡಿದುಕೊಂಡಿರಬೇಕು.

ಸೈಥಾನಿನ ಟೈಪ್ಡ್ ಮೆಮೊರಿವ್ಯೂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಡೆಯುವುದು, ಬಿಡುವುದು, ಟೈಪ್ ಪರೀಕ್ಷೆ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಅಂಕಿಗಳ ಕೆಲಸಕ್ಕೆ ಕೈಯಲ್ಲಿ ಸಿ ಎಕ್ಸ್‌ಟೆನ್ಶನ್ ಬರೆಯುವುದಕ್ಕಿಂತ ಇದೇ ವಾಸಿ. ವೇಗಕ್ಕಾಗಿ ಬೌಂಡ್ಸ್‌ಚೆಕ್ (ಅರೇಯ ಮಿತಿ ದಾಟದಂತೆ ನೋಡುವ ಪರೀಕ್ಷೆ) ಆಫ್ ಮಾಡುವವರು ಮೊದಲು ಅದು ಆನ್ ಇದ್ದಾಗ ಟೆಸ್ಟ್‌ಗಳನ್ನೆಲ್ಲ ಓಡಿಸಲಿ.

ಉಲ್ಟಾ ದಿಕ್ಕು ಉಳಿಯಿತು: ಸಿ ಮಾಡಿದ ಮೆಮೊರಿಯನ್ನು ಪೈಥಾನಿಗೆ ತೋರಿಸುವುದು. ಪೈಮೆಮೊರಿವ್ಯೂ_ಫ್ರಂಮೆಮೊರಿ ಅನ್ನುವ ಫಂಕ್ಷನ್ ಒಂದೇ ಸಾಲಿನಲ್ಲಿ ಈ ಕೆಲಸ ಮಾಡಿಕೊಡುತ್ತದೆ, ಅದಕ್ಕೇ ಎಲ್ಲರೂ ಅದರ ಕಡೆ ಓಡುತ್ತಾರೆ. ಅದು ಕೊಡುವ ವ್ಯೂಗೆ ಮಾಲೀಕರೇ ಇಲ್ಲ. ಸಿ ಆ ಮೆಮೊರಿಯನ್ನು ಫ್ರೀ ಮಾಡಿದರೂ ವ್ಯೂ ಹಾಗೇ ಇರುತ್ತದೆ, ಯಾರೋ ಅದನ್ನು ಲಿಸ್ಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಸ್ವಲ್ಪ ಶ್ರಮಪಟ್ಟು ನಿಮ್ಮದೇ ಟೈಪ್ ಮಾಡಿ, ಅದಕ್ಕೆ ಬಫರ್ ಕೊಡುವ ಮತ್ತು ಹಿಂದೆ ಪಡೆಯುವ ಎರಡು ಫಂಕ್ಷನ್ ಬರೆಯಿರಿ. ಆ ಆಬ್ಜೆಕ್ಟ್ ಸಾಯುವಾಗ ಮಾತ್ರ ಫ್ರೀ ಮಾಡಿ. ಬೆಳೆಯುವ ಬಫರ್ ಆದರೆ ಎಣಿಕೆ ಇಟ್ಟು, ಯಾರದ್ದೋ ಕೈಯಲ್ಲಿರುವಾಗ ಬೆಳೆಯಲು ನಿರಾಕರಿಸಿ. ಪೈಥಾನ್ 3.12ರಲ್ಲಿ ಪಿಇಪಿ 688 ಬಂದ ಮೇಲೆ ಪೈಥಾನ್ ಕ್ಲಾಸಿನಲ್ಲೇ __ಬಫರ್__ ಮತ್ತು __ರಿಲೀಸ್_ಬಫರ್__ ಬರೆಯಬಹುದು. ಸಿ ಕೋಡಿನ ಟೆಸ್ಟ್‌ಗೆ ಇದು ಬಹಳ ಉಪಯೋಗ: ನಿಮ್ಮ ಸಿ ಫಂಕ್ಷನ್ ಎಲ್ಲ ಎರರ್ ದಾರಿಯಲ್ಲೂ ಬಫರ್ ಹಿಂದಿರುಗಿಸುತ್ತಿದೆಯೇ ಅಂತ ಪೈಥಾನಿನಲ್ಲೇ ಎಣಿಸಿ ನೋಡಬಹುದು. ಮೇಲೆ ಹೇಳಿದ ದೂರಿಗೆ ಅರ್ಧ ಪರಿಹಾರ ಇದರಲ್ಲೇ ಇದೆ.

ರೂಬಿ ಬಳಸುವವರಿಗೆ ಒಂದು ಮಾತು. 3.0ಯಲ್ಲಿ ಪ್ರಯೋಗಕ್ಕೆಂದು ಬಂದ ಮೆಮೊರಿವ್ಯೂ ಇದೇ ವಿನ್ಯಾಸದಿಂದ ಪ್ರೇರಣೆ ಪಡೆದದ್ದು, ಹಾಗಾಗಿ ಇಲ್ಲಿ ಹೇಳಿದ ಎಚ್ಚರಗಳಲ್ಲಿ ಬಹಳಷ್ಟು ಅಲ್ಲಿಗೂ ಸಲ್ಲುತ್ತವೆ. ಡೇಟಾ ಜಿಪಿಯು ಮೆಮೊರಿಯಲ್ಲಿದ್ದರೆ ಬಫರ್ ಪ್ರೊಟೋಕಾಲ್ ನಿಮಗೆ ಆಗಿಬರುವುದಿಲ್ಲ, ಜಿಪಿಯು ಡೇಟಾವನ್ನೂ ಹಂಚಿಕೊಳ್ಳಬಲ್ಲ ಡಿಎಲ್‌ಪ್ಯಾಕ್ ನೋಡಿ. ಡೇಟಾ ಚಿಕ್ಕದಿದ್ದರೆ, ಇಲ್ಲವೇ ಫಂಕ್ಷನ್ ಮುಗಿದ ಮೇಲೂ ಸಿ ಅದನ್ನು ಇಟ್ಟುಕೊಳ್ಳಬೇಕಿದ್ದರೆ ಹಂಚಿಕೊಳ್ಳುವ ಗೋಜಿಗೇ ಹೋಗಬೇಡಿ, ಕಾಪಿ ಮಾಡಿ ಕೊಡಿ.